ಧ್ವನಿಲಿಪಿ ಡಬ್ಬಿಯಾಗದಂತೆ ಪ್ರಬಂಧ ಬರೆಯುವುದು ಹೇಗೆ?

“ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇತ್ತು, ಮಾರ್ಗದರ್ಶಕರಿಗೆ ಕಳುಹಿಸಿದ ಮೇಲೆ ಬರೀ ಚೌಕ ಡಬ್ಬಿಗಳು ಕಾಣುತ್ತಿವೆಯಂತೆ.” “ಕೊಂಕಣಿಯ ಪದ ಕಣ್ಣೆದುರಿಗೇ ಇದೆ, ಹುಡುಕಿದರೆ ಸಿಗುವುದಿಲ್ಲ.” “ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗಿದೆ.” ಭಾಷಾವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿರುವವರು, ಉಪಭಾಷೆಗಳ ಪದಪಟ್ಟಿ ಕಟ್ಟುತ್ತಿರುವವರು, ತುಳು, ಕೊಡವ, ಬಡಗ ಭಾಷೆಗಳ ಮೇಲೆ ಬರೆಯುತ್ತಿರುವವರು ಮತ್ತೆ ಮತ್ತೆ ಕೇಳುವುದು ಇವನ್ನೇ. ಧ್ವನಿಲಿಪಿಯನ್ನು, ಅಂದರೆ ಉಚ್ಚಾರಣೆಯನ್ನು ಇದ್ದಂತೆ ಬರೆದಿಡುವ ವಿಶೇಷ ಚಿಹ್ನೆಗಳನ್ನು, ಪ್ರಬಂಧದಲ್ಲಿ ಬಳಸುವವರ ತೊಂದರೆಗಳಿವು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಈ ತೊಂದರೆಗಳಲ್ಲಿ ಹೆಚ್ಚಿನವುಗಳ ಬೇರು ಒಂದೇ. ಪರದೆಯ ಮೇಲೆ ಅಕ್ಷರ ಸರಿಯಾಗಿ ಕಂಡರೆ ಸಾಕೆಂದು ನಾವು ಮುಂದುವರಿಯುತ್ತೇವೆ. ಕಡತದೊಳಗೆ ಯಾವ ಸಂಕೇತ ಕುಳಿತಿದೆ ಎಂದು ನೋಡುವುದಿಲ್ಲ. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ಕಡತದಲ್ಲಿ ಉಳಿಯುವುದು ಆ ಸಂಖ್ಯೆ. ಅದಕ್ಕೆ ರೂಪ ಕೊಡುವುದು ಫಾಂಟ್. ಸಂಖ್ಯೆ ಸರಿಯಾಗಿದ್ದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಡಬ್ಬಿ ಕಂಡರೂ ಚಿಂತೆಯಿಲ್ಲ, ಫಾಂಟ್ ಹಾಕಿದೊಡನೆ ಅಕ್ಷರ ಮರಳುತ್ತದೆ. ಸಂಖ್ಯೆಯೇ ತಪ್ಪಿದ್ದರೆ ಯಾವ ಫಾಂಟೂ ಕಾಪಾಡದು.

ಓದುವ ಮೊದಲು ಒಂದು ಮಾತು. ಧ್ವನಿಲಿಪಿಯ ಚಿಹ್ನೆಗಳನ್ನು ನಾನು ಇಲ್ಲಿ ನೇರವಾಗಿ ಹಾಕಿಲ್ಲ. ನಿಮ್ಮ ಮೊಬೈಲಿನಲ್ಲಿ ಅವೇ ಡಬ್ಬಿಗಳಾದರೆ ಲೇಖನ ಓದಿ ಪ್ರಯೋಜನವಿಲ್ಲ. ಆಕಾರ ಹೇಳಿ, ಸಂಕೇತಸಂಖ್ಯೆ ಕೊಟ್ಟಿದ್ದೇನೆ. ಈ ಸಂಖ್ಯೆಗಳು ಹದಿನಾರರ ಪದ್ಧತಿಯವು, ಅಂದರೆ 0ಯಿಂದ 9ರವರೆಗಿನ ಅಂಕಿಗಳ ಬಳಿಕ ಇಂಗ್ಲಿಷಿನ ಎ, ಬಿ, ಸಿ, ಡಿ, ಇ, ಎಫ್ ಕೂಡ ಅಂಕಿಗಳಾಗಿ ಬರುತ್ತವೆ. 02ಡಿ0 ಎಂದಿದ್ದರೆ ಸೊನ್ನೆ, ಎರಡು, ಇಂಗ್ಲಿಷಿನ ಡಿ, ಸೊನ್ನೆ ಎಂದು ಒತ್ತಬೇಕು.

ಬೇಕಾದದ್ದು ಇಷ್ಟು: ಮೈಕ್ರೋಸಾಫ್ಟ್ ವರ್ಡ್ ಅಥವಾ ಲಿಬ್ರೆ ಆಫೀಸ್, ಒಂದು ಧ್ವನಿಲಿಪಿ ಫಾಂಟ್, ಒಂದು ಯೂನಿಕೋಡ್ ಕನ್ನಡ ಫಾಂಟ್, ಮತ್ತು ದತ್ತಾಂಶ ತುಂಬುವ ಮೊದಲು ಅರ್ಧ ದಿನದ ತಾಳ್ಮೆ. ವರ್ಡ್ ಬಿಟ್ಟು ಉಳಿದದ್ದಕ್ಕೆ ಹಣ ಕೊಡಬೇಕಾಗಿಲ್ಲ.

1. ಯಾವ ಲಿಪ್ಯಂತರ ಪದ್ಧತಿ ಎಂದು ಮೊದಲೇ ತೀರ್ಮಾನಿಸಿ

ದ್ರಾವಿಡ ಭಾಷೆಗಳ ಮೇಲೆ ಬರೆಯುವವರ ಮುಂದೆ ಎರಡು ದಾರಿಗಳಿವೆ. ಒಂದು, ಅಂತರರಾಷ್ಟ್ರೀಯ ಧ್ವನಿಲಿಪಿ, ಅಂದರೆ ಐಪಿಎ. 1886ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಸಂಘವೊಂದು ಇದನ್ನು ರೂಪಿಸಿ ಇಂದಿಗೂ ಪರಿಷ್ಕರಿಸುತ್ತಿದೆ. ಇದರಲ್ಲಿ ಮೂರ್ಧನ್ಯ, ಅಂದರೆ ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಉಚ್ಚರಿಸುವ, ಟಕಾರಕ್ಕೆ ಬಲಕ್ಕೆ ಬಾಲ ಬಾಗಿದ ಟಿ (0288), ಡಕಾರಕ್ಕೆ ಬಾಲದ ಡಿ (0256), ಣಕಾರಕ್ಕೆ ಬಾಲದ ಎನ್ (0273), ಳಕಾರಕ್ಕೆ ಬಾಲದ ಎಲ್ (026ಡಿ). ಇನ್ನೊಂದು, ಅಕ್ಷರದ ಕೆಳಗೆ ಚುಕ್ಕೆ ಇಡುವ ಹಳೆಯ ವಿದ್ವತ್ ಪದ್ಧತಿ. ಭಾಷಾವಿಜ್ಞಾನಿಗಳಾದ ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶ, ಅಂದರೆ ಪದಗಳ ಮೂಲ ಹೇಳುವ ನಿಘಂಟು, ನೋಡಿದವರಿಗೆ ಇದು ಪರಿಚಿತ. ಇದನ್ನೇ ಹೋಲುವ ಐಎಸ್‌ಒ 15919 ಎಂಬ ಮಾನಕ 2001ರಲ್ಲಿ ಬಂತು. ಇದರಲ್ಲಿ ಟಕಾರ ಕೆಳಚುಕ್ಕೆಯ ಟಿ (1ಇ6ಡಿ).

ಉಚ್ಚಾರಣೆಯ ಸೂಕ್ಷ್ಮವೇ ನಿಮ್ಮ ವಿಷಯವಾದರೆ ಐಪಿಎ. ನಿಷ್ಪತ್ತಿ, ಶಾಸನ, ಹಳಗನ್ನಡ ವ್ಯಾಕರಣವಾದರೆ ಚುಕ್ಕೆ ಪದ್ಧತಿಯೇ ಓದುಗರಿಗೆ ಹಿತ. ಱಕಾರ, ೞಕಾರಗಳಿಗೆ ಕೆಳಗೆರೆ ಹಾಕಿದ ಆರ್, ಎಲ್ ಅಲ್ಲಿ ಮೊದಲಿನಿಂದಲೂ ಬಳಕೆಯಲ್ಲಿವೆ. ಎರಡನ್ನೂ ಬಳಸಬಹುದು, ಆದರೆ ಒಂದೇ ಕೋಷ್ಟಕದಲ್ಲಿ ಬೆರೆಸಬೇಡಿ. ಎರಡನೆಯ ಅಧ್ಯಾಯದಲ್ಲಿ ಬಾಲದ ಟಿ, ಐದನೆಯ ಅಧ್ಯಾಯದಲ್ಲಿ ಚುಕ್ಕೆಯ ಟಿ ಇರುವ ಪ್ರಬಂಧಗಳನ್ನು ನೋಡಿದ್ದೇನೆ. ಅವೆರಡೂ ಬೇರೆ ಬೇರೆ ಧ್ವನಿಗಳೇ ಎಂದು ಪರೀಕ್ಷಕರು ಕೇಳಿದರೆ ಉತ್ತರ ಹೊಂದಿಸುವುದು ಕಷ್ಟ.

ತುಳುವಿನವರಿಗೆ ಇನ್ನೊಂದು ತೀರ್ಮಾನ ಉಳಿದಿರುತ್ತದೆ. ಪದಾಂತ್ಯದ ಆ ಅರೆ ಉಕಾರಕ್ಕೆ ಕೆಲವರು ತಲೆಕೆಳಗಾದ ಎಮ್ (026ಎಫ್) ಬಳಸುತ್ತಾರೆ, ಕೆಲವರು ಅಡ್ಡಗೆರೆಯ ಐ (0268). ನಾಲಿಗೆಯ ಸ್ಥಾನದ ಬಗ್ಗೆ ನಿಮ್ಮ ವಿಶ್ಲೇಷಣೆ ಏನು ಹೇಳುತ್ತದೋ ಅದನ್ನು ಹಿಡಿಯಿರಿ, ಸಂಕೇತಗಳ ಪುಟದಲ್ಲಿ ಕಾರಣ ಬರೆಯಿರಿ. ತುಳು–ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿನ 16ನೆಯ ಆವೃತ್ತಿಯೊಂದಿಗೆ ಪಟ್ಟಿಗೆ ಸೇರಿದೆ. ಸಂತೋಷದ ಸಂಗತಿಯೇ. ಆದರೆ ಹಳೆಯ ಕಂಪ್ಯೂಟರುಗಳಿಗೆ ಅದರ ಗುರುತಿಲ್ಲ. ಪರೀಕ್ಷಕರಿಗೆ ಹೋಗುವ ಪ್ರಬಂಧದಲ್ಲಿ ಸದ್ಯಕ್ಕೆ ಅದನ್ನು ಚಿತ್ರವಾಗಿ ಸೇರಿಸುವುದೇ ಸುರಕ್ಷಿತ.

2. ಫಾಂಟ್ ಆರಿಸಿ, ಹಾಕಿಕೊಳ್ಳಿ

ಎಸ್‌ಐಎಲ್ ಎಂಬ ಸಂಸ್ಥೆ ಭಾಷಾವಿಜ್ಞಾನಿಗಳಿಗೆಂದೇ ಮಾಡಿರುವ ಫಾಂಟ್‌ಗಳು ಉಚಿತ. ಡೌಲೋಸ್, ಚಾರಿಸ್, ಜೆಂಟಿಯಮ್ ಮೂರೂ ಐಪಿಎಯನ್ನು ಪೂರ್ತಿಯಾಗಿ ಬಲ್ಲವು. ಮುಕ್ತ ಪರವಾನಗಿ ಇರುವುದರಿಂದ ಮಾರ್ಗದರ್ಶಕರಿಗೂ ಮುದ್ರಕರಿಗೂ ಫಾಂಟ್ ಕಡತವನ್ನೇ ನೀವು ಕೊಡಬಹುದು.

ನನ್ನ ಸಲಹೆ ಚಾರಿಸ್. ದಪ್ಪ, ಓರೆ, ದಪ್ಪ ಓರೆ ರೂಪಗಳೆಲ್ಲ ಅದರಲ್ಲಿವೆ. ಮ್ಯಾಥ್ಯೂ ಕಾರ್ಟರ್ ಅವರ ಚಾರ್ಟರ್ ಫಾಂಟ್ ಇದರ ಮೂಲ. ಅದನ್ನು ರೂಪಿಸಿದ್ದೇ ಸಾಧಾರಣ ಲೇಸರ್ ಮುದ್ರಕಗಳಲ್ಲಿ ಸ್ಪಷ್ಟವಾಗಿ ಬರಲೆಂದು, ನಮ್ಮ ಜೆರಾಕ್ಸ್ ಅಂಗಡಿಗಳಿಗೆ ಹೇಳಿ ಮಾಡಿಸಿದಂತಿದೆ. ಡೌಲೋಸ್ ಟೈಮ್ಸ್ ಬಗೆಯದು. ವಿಶ್ವವಿದ್ಯಾಲಯದ ನಿಯಮ ಟೈಮ್ಸ್ ನ್ಯೂ ರೋಮನ್ ಎಂದಿದ್ದರೆ ಅದರ ಪಕ್ಕದಲ್ಲಿ ಡೌಲೋಸ್ ಎದ್ದು ಕಾಣದು. ಆದರೆ ಅದಕ್ಕೆ ಒಂದೇ ರೂಪ. ನೀವು ದಪ್ಪ ಮಾಡಿದರೆ ವರ್ಡ್ ತಾನೇ ಮಸಿ ಬಳಿದಂತೆ ದಪ್ಪ ಮಾಡುತ್ತದೆ, ಶೀರ್ಷಿಕೆಗಳಲ್ಲಿ ಅದು ಕೊಳಕಾಗಿ ಕಾಣುತ್ತದೆ. ಇತ್ತೀಚಿನ ವಿಂಡೋಸ್‌ನ ಟೈಮ್ಸ್ ನ್ಯೂ ರೋಮನ್‌ನಲ್ಲೂ ಐಪಿಎ ಅಕ್ಷರಗಳಿವೆ, ಸರಳ ಲಿಪ್ಯಂತರಕ್ಕೆ ಅದೂ ಸಾಕು. ಅಕ್ಷರದ ಮೇಲೊಂದು ಕೆಳಗೊಂದು ಗುರುತು ಪೇರಿಸಬೇಕಾದಾಗ ಮಾತ್ರ ಎಸ್‌ಐಎಲ್ ಫಾಂಟುಗಳ ಬೆಲೆ ತಿಳಿಯುತ್ತದೆ.

ಇವು ಯಾವುವೂ ಕನ್ನಡ ಲಿಪಿ ತೋರಿಸುವುದಿಲ್ಲ. ಕನ್ನಡಕ್ಕೆ ವಿಂಡೋಸ್‌ನ ತುಂಗಾ ಅಥವಾ ನಿರ್ಮಲಾ ಯುಐ, ಇಲ್ಲವೇ ಉಚಿತವಾಗಿ ಸಿಗುವ ನೋಟೋ ಸೆರಿಫ್ ಕನ್ನಡ ಬಳಸಿ. ಪುಸ್ತಕದ ಪುಟಕ್ಕೆ ಮೂರನೆಯದೇ ಒಪ್ಪುತ್ತದೆ.

ಫಾಂಟ್ ಕಡತದ ಮೇಲೆ ಬಲ ಗುಂಡಿ ಒತ್ತಿ ‘ಇನ್‌ಸ್ಟಾಲ್’ ಮಾಡಿದರೆ ಮುಗಿಯಿತು. ವರ್ಡ್ ತೆರೆದಿದ್ದರೆ ಮುಚ್ಚಿ ತೆರೆಯಿರಿ.

ಇಲ್ಲಿನ ಸಾಮಾನ್ಯ ಮೋಸ: ನೀವು ಆರಿಸಿದ ಫಾಂಟಿನಲ್ಲಿ ಅಕ್ಷರವಿಲ್ಲದಿದ್ದರೆ ವರ್ಡ್ ಸದ್ದಿಲ್ಲದೆ ಬೇರೆ ಫಾಂಟಿನಿಂದ ತಂದು ತೋರಿಸುತ್ತದೆ. ಪದದ ನಡುವೆ ಒಂದಕ್ಷರ ಮಾತ್ರ ತುಸು ತೆಳ್ಳಗೆ, ತುಸು ಎತ್ತರ ಕಂಡರೆ ಅದನ್ನೊಂದನ್ನೇ ಆಯ್ದು ಮೇಲಿನ ಫಾಂಟ್ ಪೆಟ್ಟಿಗೆಯಲ್ಲಿ ಯಾವ ಹೆಸರಿದೆ ನೋಡಿ. ಎಷ್ಟೋ ಸಲ ಅಲ್ಲಿ ನೀವು ಕೇಳಿಯೇ ಇರದ ಹೆಸರಿರುತ್ತದೆ.

3. ಅಕ್ಷರ ಒತ್ತುವ ದಾರಿ

ಅಪರೂಪಕ್ಕೊಮ್ಮೆ ಒಂದೆರಡು ಚಿಹ್ನೆ ಬೇಕಾದವರಿಗೆ ಸಂಕೇತಸಂಖ್ಯೆಯೇ ಸಾಕು. ವಿಂಡೋಸ್‌ನ ವರ್ಡ್‌ನಲ್ಲಿ 0273 ಎಂದು ಬರೆದು, ಆಲ್ಟ್ ಕೀಲಿ ಹಿಡಿದು ಎಕ್ಸ್ ಒತ್ತಿದರೆ ಬಾಲದ ಎನ್ ಮೂಡುತ್ತದೆ. ಲಿಬ್ರೆ ಆಫೀಸ್ ರೈಟರ್‌ನಲ್ಲೂ ಇದೇ. ಲಿನಕ್ಸ್‌ನ ಹಲವು ತಂತ್ರಾಂಶಗಳಲ್ಲಿ ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ, ಸಂಖ್ಯೆ ಬರೆದು ಎಂಟರ್ ಒತ್ತಬೇಕು. ಮ್ಯಾಕ್‌ನಲ್ಲಿ ‘ಯೂನಿಕೋಡ್ ಹೆಕ್ಸ್ ಇನ್‌ಪುಟ್’ ಎಂಬ ಕೀಲಿಮಣೆಯನ್ನು ಸೇರಿಸಿಕೊಂಡು ಆಪ್ಶನ್ ಕೀಲಿ ಹಿಡಿದೇ ಸಂಖ್ಯೆ ಒತ್ತಬೇಕು.

ಆಲ್ಟ್–ಎಕ್ಸ್ ದಾರಿಯಲ್ಲೊಂದು ಗುಂಡಿಯಿದೆ, ಹೊಸಬರೆಲ್ಲ ಅದರಲ್ಲಿ ಬೀಳುತ್ತಾರೆ. ‘ಅಡಿಕೆ’ ಎಂಬ ಪದವನ್ನೇ ತೆಗೆದುಕೊಳ್ಳಿ. ಮೊದಲು ಇಂಗ್ಲಿಷಿನ ಎ, ಆಮೇಲೆ ಬಾಲದ ಡಿ ಬೇಕು. ಎ ಬರೆದು ಜಾಗ ಬಿಡದೆ 0256 ಬರೆದು ಆಲ್ಟ್–ಎಕ್ಸ್ ಒತ್ತಿದರೆ ಬಾಲದ ಡಿ ಬರುವುದಿಲ್ಲ, ಡಬ್ಬಿಯೊಂದು ಬರುತ್ತದೆ. ಎ ಕೂಡ ಹದಿನಾರರ ಪದ್ಧತಿಯಲ್ಲಿ ಅಂಕಿಯಾದ್ದರಿಂದ ವರ್ಡ್ ಅದನ್ನೂ ಸೇರಿಸಿಕೊಂಡು ಐದಂಕಿಯ ಬೇರೆ ಯಾವುದೋ ಸಂಖ್ಯೆಯನ್ನು ಓದಿರುತ್ತದೆ. ಬಿ, ಸಿ, ಡಿ, ಇ, ಎಫ್ ಅಕ್ಷರಗಳ ಬಳಿಕವೂ ಇದೇ ಕಥೆ. ಕ, ಮ, ತಗಳ ಬಳಿಕ ತೊಂದರೆಯಿಲ್ಲ. ಹಾಗಾಗಿಯೇ ಇದು ಒಮ್ಮೆ ಸರಿಯಾಗಿ, ಒಮ್ಮೆ ತಪ್ಪಾಗಿ ಬಂದು ತಲೆ ಕೆಡಿಸುತ್ತದೆ. ಪರಿಹಾರ ಸುಲಭ: 0256 ಎಂಬ ನಾಲ್ಕಂಕಿಗಳನ್ನು ಮಾತ್ರ ಆಯ್ದುಕೊಂಡು ಆಲ್ಟ್–ಎಕ್ಸ್ ಒತ್ತಿ.

ದಿನವಿಡೀ ಲಿಪ್ಯಂತರ ಮಾಡುವವರು ಸಂಖ್ಯೆ ಒತ್ತುತ್ತ ಕೂರಬೇಡಿ. ಕೀಮ್ಯಾನ್ ಎಂಬ ಉಚಿತ ತಂತ್ರಾಂಶ ಹಾಕಿ, ಅದರಲ್ಲಿ ಎಸ್‌ಐಎಲ್‌ನವರ ಐಪಿಎ ಕೀಲಿಮಣೆ ಸೇರಿಸಿ. ಮೂಲ ಅಕ್ಷರದ ಬಳಿಕ <, >, = ಚಿಹ್ನೆಗಳಲ್ಲೊಂದನ್ನು ಒತ್ತಿದರೆ ಅದರ ರೂಪಾಂತರಗಳು ಬರುತ್ತವೆ. ಯಾವುದಕ್ಕೆ ಯಾವುದು ಎಂಬ ಪಟ್ಟಿ ಕೀಲಿಮಣೆಯ ಜೊತೆಗೇ ಸಿಗುತ್ತದೆ, ಮುದ್ರಿಸಿ ಮೇಜಿಗೆ ಅಂಟಿಸಿ. ನಿಮ್ಮ ಭಾಷೆಗೆ ಬೇಕಾಗುವ ವಿಶೇಷ ಚಿಹ್ನೆಗಳು ಹದಿನೈದೋ ಇಪ್ಪತ್ತೋ ಇರಬಹುದು. ಬೆರಳಿಗೆ ಬೇಗ ರೂಢಿಯಾಗುತ್ತದೆ.

ಇನ್ನೂ ಒಂದು ಉಪಾಯ ವರ್ಡ್‌ನ ‘ಆಟೋಕರೆಕ್ಟ್’ ಪಟ್ಟಿಗೆ ನಿಮ್ಮದೇ ಸಂಕ್ಷೇಪಗಳನ್ನು ಸೇರಿಸುವುದು. ನಾನು ಬೇಡ ಎನ್ನುತ್ತೇನೆ. ಆ ಪಟ್ಟಿ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ವಿಭಾಗದ ಗ್ರಂಥಾಲಯದಲ್ಲಿ ಕೂತು ಬರೆಯುವ ದಿನ ಕೈ ಕಟ್ಟಿಹಾಕಿದಂತಾಗುತ್ತದೆ.

ಗೂಗಲ್ ಡಾಕ್ಸ್‌ನಲ್ಲಿ ಬರೆಯುವವರಿಗೆ ವಿಶೇಷ ಅಕ್ಷರಗಳ ಕಿಟಕಿಯಲ್ಲಿ ಆಕಾರವನ್ನು ಮೌಸ್‌ನಿಂದ ಬರೆದು ಹುಡುಕುವ ಸೌಲಭ್ಯವಿದೆ. ಹೆಸರು ಗೊತ್ತಿಲ್ಲದ ಚಿಹ್ನೆ ಪತ್ತೆಮಾಡಲು ಒಳ್ಳೆಯದು, ಆದರೆ ಮುಂದಿನ ಹಂತ ಓದದೆ ಅದನ್ನು ನಂಬಬೇಡಿ.

4. ಹೋಲುವ ಅಕ್ಷರಗಳು: ಎಲ್ಲಕ್ಕಿಂತ ದೊಡ್ಡ ಬಲೆ

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಪ್ರಬಂಧಗಳಲ್ಲಿ ಹೆಚ್ಚಾಗಿ ಸಿಗುವವನ್ನು ಹೇಳುತ್ತೇನೆ.

ದೀರ್ಘದ ಗುರುತು. ಐಪಿಎಯಲ್ಲಿ ಇದು ಒಂದಕ್ಕೊಂದು ಮುಖ ಮಾಡಿದ ಎರಡು ಪುಟ್ಟ ತ್ರಿಕೋನಗಳು, 02ಡಿ0. ಬಹುಪಾಲು ಜನ ಕೀಲಿಮಣೆಯ ವಿವರಣ ಚಿಹ್ನೆಯ ಎರಡು ಚುಕ್ಕೆಗಳನ್ನೇ ಹಾಕುತ್ತಾರೆ. ಮುದ್ರಣದಲ್ಲಿ ಯಾರೂ ಗುರುತಿಸಲಾರರು. ಆದರೆ ಫ್ಲೆಕ್ಸ್‌ನಂಥ ನಿಘಂಟು ತಂತ್ರಾಂಶಕ್ಕೆ ಆ ಪಠ್ಯ ಕೊಟ್ಟುನೋಡಿ: ಎರಡು ಚುಕ್ಕೆಗಳು ಅದರ ಪಾಲಿಗೆ ವಿರಾಮಚಿಹ್ನೆ, ಆದ್ದರಿಂದ ‘ಮಾತು’ ಎಂಬ ಒಂದೇ ಪದ ‘ಮ’ ಮತ್ತು ‘ತು’ ಎಂದು ಎರಡು ತುಂಡಾಗುತ್ತದೆ.

ಮಹಾಪ್ರಾಣದ ಎಚ್. ಎಚ್ ಬರೆದು ಅದನ್ನು ಮೇಲಕ್ಕೇರಿಸಿ ಚಿಕ್ಕದು ಮಾಡುವುದು ಬರೀ ಅಲಂಕಾರ. ಪಠ್ಯವನ್ನು ಇಮೇಲಿಗೋ ಎಕ್ಸೆಲ್ಲಿಗೋ ನಕಲಿಸಿದೊಡನೆ ಅದು ಮಾಮೂಲಿ ಎಚ್ ಆಗಿ ಕೆಳಗಿಳಿಯುತ್ತದೆ, ಮಹಾಪ್ರಾಣ ಹೋಗಿ ಟ ಮತ್ತು ಹ ಎಂಬ ಎರಡು ವ್ಯಂಜನಗಳು ಉಳಿಯುತ್ತವೆ. 02ಬಿ0 ಎಂಬ ಸ್ವತಂತ್ರ ಅಕ್ಷರವೇ ಇದೆ, ಅದನ್ನು ಬಳಸಿ.

ತಿರುಗಿಸಿದ ಇ, ಅಂದರೆ ಶ್ವಾ ಎಂಬ ನಡುಸ್ವರ. ಸರಿಯಾದದ್ದು 0259. ಥೇಟ್ ಹಾಗೆಯೇ ಕಾಣುವ 01ಡಿಡಿ ಬೇರೆ ಭಾಷೆಗಳ ಬರವಣಿಗೆಗೆ ಸೇರಿದ್ದು. ಶಕಾರದ ನೀಳ ಎಸ್ 0283. ಗಣಿತದ ಅನುಕಲನ ಚಿಹ್ನೆ 222ಬಿ ಅದರ ಜಾಗದಲ್ಲಿ ನುಸುಳುವುದುಂಟು. ಗ್ರೀಕಿನ ಬೀಟಾ 03ಬಿ2 ಐಪಿಎಯಲ್ಲೂ ಸರಿ, ಜರ್ಮನ್ನಿನ ಜೋಡಿ ಎಸ್ ಸರಿಯಲ್ಲ. ಪದದ ಒತ್ತು ತೋರಿಸುವ ಮೇಲಿನ ನಿಲುಗೆರೆ 02ಸಿ8. ಅದರ ಬದಲು ಉದ್ಧರಣ ಚಿಹ್ನೆ ಹಾಕಿದರೆ ವರ್ಡ್ ಅದನ್ನು ತಾನಾಗಿಯೇ ಬಾಗಿಸಿ ಹಾಳುಮಾಡುತ್ತದೆ. ಗಕಾರದ ಜಿ ವಿಷಯದಲ್ಲಿ ಮಾತ್ರ ಐಪಿಎ ಉದಾರಿ: ಒಂದಂತಸ್ತಿನ ವಿಶೇಷ ಜಿ (0261) ಆಗಬಹುದು, ಕೀಲಿಮಣೆಯ ಜಿ ಕೂಡ ಆಗಬಹುದು. ಯಾವುದಾದರೂ ಒಂದಕ್ಕೆ ಅಂಟಿಕೊಳ್ಳಿ ಅಷ್ಟೆ.

ಮೊದಲಿಗೆ ಹೇಳಿದ ಕೊಂಕಣಿಯ ತೊಂದರೆ ಹುಟ್ಟುವುದು ಇನ್ನೊಂದು ಬಗೆಯಲ್ಲಿ. ಅನುನಾಸಿಕ, ಅಂದರೆ ಮೂಗಿನಿಂದಲೂ ಹೊರಡುವ, ಅಕಾರವನ್ನು ಎರಡು ರೀತಿಯಲ್ಲಿ ಇಡಬಹುದು: ತಲೆಯ ಮೇಲೆ ಅಲೆಗೆರೆ ಹೊತ್ತ ಇಂಗ್ಲಿಷಿನ ಎ ಎಂಬ ಒಂದೇ ಅಕ್ಷರ (00ಇ3), ಅಥವಾ ಮಾಮೂಲಿ ಎ, ಅದರ ಬಳಿಕ ಅಂಟುವ ಅಲೆಗೆರೆ (0303). ಮೊದಲ ತಿಂಗಳ ದತ್ತಾಂಶ ಒಂದು ಕೀಲಿಮಣೆಯಲ್ಲಿ, ಆಮೇಲಿನದು ಇನ್ನೊಂದರಲ್ಲಿ ಒತ್ತಿದ್ದರೆ ಎರಡೂ ಬಗೆ ಕಡತದಲ್ಲಿ ಬೆರೆತಿರುತ್ತವೆ. ಒಂದನ್ನು ಹುಡುಕಿದರೆ ಮತ್ತೊಂದು ಸಿಗದು. ಕೆಳಚುಕ್ಕೆಯ ಟಿ, ಎಲ್ ಅಕ್ಷರಗಳಿಗೂ ಇದೇ ಪಾಡು. ಯೂನಿಕೋಡಿನಲ್ಲಿ ಇವನ್ನು ಒಂದೇ ರೂಪಕ್ಕೆ ತರುವ ಕ್ರಮವಿದೆ. ಜೋಡಿಸಿದ ರೂಪಕ್ಕೆ ಎನ್‌ಎಫ್‌ಸಿ, ಬಿಡಿಸಿದ ರೂಪಕ್ಕೆ ಎನ್‌ಎಫ್‌ಡಿ ಎಂದು ಹೆಸರು. ಯಾವುದಾದರೊಂದನ್ನು ಆರಿಸಿ ಎಲ್ಲ ಕಡತಗಳನ್ನೂ ಅದಕ್ಕೇ ತನ್ನಿ.

ಗುರುತುಗಳ ಅನುಕ್ರಮವನ್ನೂ ಕಾಯ್ದುಕೊಳ್ಳಿ: ಮೊದಲು ಸ್ವರ, ಆಮೇಲೆ ಅದಕ್ಕೆ ಅಂಟುವ ಗುರುತು, ಕೊನೆಗೆ ದೀರ್ಘ. ನೀಲಗಿರಿಯ ಬಡಗ ಭಾಷೆಯ ಮೂರ್ಧನ್ಯ ಸ್ವರಗಳ ಬಗ್ಗೆ ಎಮೆನೋ 1939ರಲ್ಲೇ ಬರೆದಿದ್ದರು. ಅಂಥ ಸ್ವರಕ್ಕೆ ಬಲಬದಿಯ ಕೊಕ್ಕೆ (02ಡಿಇ) ಸೇರಿಸುತ್ತೇವೆ. ಕೊಕ್ಕೆ ಮೊದಲು, ದೀರ್ಘ ಆಮೇಲೆ. ತಿರುವುಮುರುವಾದರೆ ಕೊಕ್ಕೆ ಸ್ವರಕ್ಕಲ್ಲ, ದೀರ್ಘದ ತ್ರಿಕೋನಕ್ಕೆ ತಗುಲಿಕೊಂಡಿರುತ್ತದೆ.

ಅನುಮಾನ ಬಂದಾಗ ಪರೀಕ್ಷಿಸುವುದು ಹೇಗೆ? ವರ್ಡ್‌ನಲ್ಲಿ ಅಕ್ಷರದ ಬಲಕ್ಕೆ ಕರ್ಸರ್ ಇಟ್ಟು ಆಲ್ಟ್–ಎಕ್ಸ್ ಒತ್ತಿ. ಅಕ್ಷರ ಹೋಗಿ ಅದರ ಸಂಖ್ಯೆ ಕಾಣುತ್ತದೆ. ಮತ್ತೊಮ್ಮೆ ಒತ್ತಿದರೆ ಅಕ್ಷರ ಮರಳುತ್ತದೆ. ಈ ಒಂದು ಅಭ್ಯಾಸ ಬೆಳೆಸಿಕೊಂಡವರು ನನಗೆ ಎರಡನೆಯ ಪತ್ರ ಬರೆಯುವುದಿಲ್ಲ.

ಕನ್ನಡ ಲಿಪಿಯಲ್ಲೂ ಇಂಥವಿವೆ. ಅನುಸ್ವಾರದ ಸೊನ್ನೆ ಮತ್ತು ಕನ್ನಡ ಅಂಕಿಯ ಸೊನ್ನೆ ನೋಡಲು ಒಂದೇ. ‘ಬಂತು’ ಪದದಲ್ಲಿ ಅಂಕಿಯ ಸೊನ್ನೆ ಕುಳಿತಿದ್ದರೆ ಅಕಾರಾದಿಯಾಗಿ ಜೋಡಿಸುವಾಗ ಆ ಪದ ಎಲ್ಲೆಲ್ಲೋ ಹೋಗಿ ಬೀಳುತ್ತದೆ. ಹಳಗನ್ನಡದವರು ೞಕಾರವನ್ನು ಅಕ್ಷರಪಟ್ಟಿಯಲ್ಲಿ ಹುಡುಕುವಾಗ ಅದು ‘ಕನ್ನಡ ಫ’ ಎಂಬ ವಿಚಿತ್ರ ಹೆಸರಿನಡಿ ಸಿಗುತ್ತದೆ. ಯೂನಿಕೋಡ್ ಪಟ್ಟಿ ಮಾಡುವಾಗ ಆದ ಪ್ರಮಾದವದು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬ ನಿಯಮದಿಂದಾಗಿ ಹಾಗೆಯೇ ಉಳಿದು, ತಿದ್ದಿದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ. ಹೆಸರು ನೋಡಿ ಹೆದರಬೇಡಿ, ಅಕ್ಷರ ಸರಿಯಾದದ್ದೇ.

5. ವರ್ಡ್ ಕಡತವನ್ನು ಸಜ್ಜುಗೊಳಿಸಿ

ಧ್ವನಿಲಿಪಿ ಬಂದಲ್ಲೆಲ್ಲ ಕೈಯಾರೆ ಫಾಂಟ್ ಬದಲಿಸುತ್ತ ಹೋಗಬೇಡಿ. ‘ಸ್ಟೈಲ್’ ಎಂಬ ಸೌಲಭ್ಯವಿರುವುದೇ ಇದಕ್ಕೆ. ಸ್ಟೈಲ್ ಎಂದರೆ ಫಾಂಟ್, ಗಾತ್ರ, ಭಾಷೆ ಮುಂತಾದವನ್ನು ಒಂದು ಹೆಸರಿನಡಿ ಕಟ್ಟಿಡುವುದು. ವರ್ಡ್‌ನಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿದರೆ ಪಟ್ಟಿ ತೆರೆಯುತ್ತದೆ. ಲಿಬ್ರೆ ಆಫೀಸ್‌ನಲ್ಲಿ ಎಫ್11. ‘ಧ್ವನಿಲಿಪಿ’ ಎಂಬ ಹೆಸರಿನಲ್ಲಿ ಹೊಸ ಅಕ್ಷರ ಸ್ಟೈಲ್ ಮಾಡಿ, ಫಾಂಟ್ ಚಾರಿಸ್ ಎಂದು ಕೊಡಿ. ನಾಳೆ ವಿಭಾಗದವರು ಡೌಲೋಸ್ ಬೇಕೆಂದರೆ ಒಂದೇ ಕಡೆ ಬದಲಿಸಿದರೆ ಪ್ರಬಂಧವಿಡೀ ಬದಲಾಗುತ್ತದೆ.

ಅದೇ ಸ್ಟೈಲ್‌ನಲ್ಲಿ ಭಾಷೆಯ ಆಯ್ಕೆಗೆ ಹೋಗಿ ಕಾಗುಣಿತ ಪರೀಕ್ಷೆ ಬೇಡ ಎಂದು ಗುರುತು ಹಾಕಿ. ಇಲ್ಲದಿದ್ದರೆ ಲಿಪ್ಯಂತರದ ಪ್ರತಿ ಪದದಡಿಯೂ ಕೆಂಪು ಅಲೆಗೆರೆ ಬರುತ್ತದೆ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವುದು, ಉದ್ಧರಣ ಚಿಹ್ನೆ ಬಾಗಿಸುವುದು ಇವನ್ನು ಆಟೋಕರೆಕ್ಟ್ ಆಯ್ಕೆಗಳಲ್ಲಿ ನಿಲ್ಲಿಸಿ. ಐಪಿಎಯಲ್ಲಿ ದೊಡ್ಡ ಅಕ್ಷರಕ್ಕೆ ಸ್ಥಾನವಿಲ್ಲ. ‘ಬಟ್ಟೆ’ಯ ಬಿ ದೊಡ್ಡದಾಗಿ ಕುಳಿತಿದ್ದರೆ ಅದು ವರ್ಡ್‌ನ ಉಪಕಾರ.

ಕನ್ನಡದ ಫಾಂಟ್ ಅಥವಾ ಗಾತ್ರ ಬದಲಿಸಿದರೂ ಬದಲಾಗುತ್ತಿಲ್ಲ ಎಂಬ ದೂರಿಗೆ ಕಾರಣ ಇದು: ವರ್ಡ್ ಮತ್ತು ಲಿಬ್ರೆ ಆಫೀಸ್ ಎರಡೂ ಭಾರತೀಯ ಲಿಪಿಗಳನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’, ಅಂದರೆ ಜೋಡಣೆ ಬೇಡುವ ಲಿಪಿಗಳೆಂದು ಪ್ರತ್ಯೇಕವಾಗಿ ಕಾಣುತ್ತವೆ. ಅವುಗಳ ಫಾಂಟ್ ಮತ್ತು ಗಾತ್ರ ಬೇರೆಯೇ ಸಾಲಿನಲ್ಲಿರುತ್ತವೆ. ಆಯ್ಕೆಗಳಲ್ಲಿ ಕನ್ನಡವನ್ನು ಸೇರಿಸಿದ ಮೇಲಷ್ಟೇ ಆ ಸಾಲು ಕಾಣುತ್ತದೆ. ಇದು ಕಿರಿಕಿರಿಯಂತೆ ತೋರಿದರೂ ನಮಗೆ ಅನುಕೂಲವೇ. ಮೂಲ ಸ್ಟೈಲ್‌ನಲ್ಲಿ ರೋಮನ್ ಸಾಲಿಗೆ ಚಾರಿಸ್, ಕಾಂಪ್ಲೆಕ್ಸ್ ಸಾಲಿಗೆ ನೋಟೋ ಸೆರಿಫ್ ಕನ್ನಡ ಕೊಟ್ಟರೆ ಎರಡೂ ಲಿಪಿಗಳು ತಮ್ಮ ತಮ್ಮ ಫಾಂಟನ್ನು ತಾವೇ ಹಿಡಿಯುತ್ತವೆ. ಕನ್ನಡವನ್ನು ಒಂದೆರಡು ಪಾಯಿಂಟ್ ಹೆಚ್ಚು ಕಡಿಮೆ ಮಾಡಿ ಎರಡರ ಎತ್ತರ ಹೊಂದಿಸಿ.

ಇನ್ನು ಸಾಲುಗಳ ಅಂತರ. ಒತ್ತಕ್ಷರದ ಕಾಲು ಕತ್ತರಿಸಿದಂತೆ ಕಂಡರೆ ಫಾಂಟನ್ನು ದೂರಬೇಡಿ. ‘ಎಕ್ಸಾಕ್ಟ್‌ಲಿ’ ಎಂಬ ಆಯ್ಕೆಯಲ್ಲಿ ನಿಗದಿತ ಎತ್ತರ ಕೊಟ್ಟಿರುತ್ತೀರಿ. ‘ಸ್ತ್ರೀ’, ‘ಶಾಸ್ತ್ರ’ಗಳಂಥ ಪದಗಳ ತಳವೂ ಅಲೆಗೆರೆ ಹೊತ್ತ ಸ್ವರದ ತಲೆಯೂ ಅದರಲ್ಲಿ ಹಿಡಿಸುವುದಿಲ್ಲ. ‘ಆಟ್ ಲೀಸ್ಟ್’ ಅಥವಾ ‘ಮಲ್ಟಿಪಲ್’ ಮಾಡಿ. ಎಸ್‌ಐಎಲ್ ಫಾಂಟುಗಳು ಗುರುತುಗಳಿಗೆ ಜಾಗ ಬಿಡಲೆಂದು ಸಾಲುಗಳನ್ನು ಸಹಜವಾಗಿಯೇ ದೂರ ಇಡುತ್ತವೆ, ಪುಟ ಹೆಚ್ಚಿತೆಂದು ಗಾಬರಿಯಾಗಬೇಡಿ.

6. ಉದಾಹರಣೆ ವಾಕ್ಯಗಳನ್ನು ಜೋಡಿಸುವುದು

ಮೇಲೆ ಮೂಲ ವಾಕ್ಯ, ಅದರಡಿ ಪ್ರತಿ ಆಕೃತಿಮಾದ (ಪದದಲ್ಲಿ ಅರ್ಥವುಳ್ಳ ಅತಿ ಚಿಕ್ಕ ತುಂಡಿನ) ಅರ್ಥ, ಕೊನೆಗೆ ಅನುವಾದ: ಈ ಮೂರು ಸಾಲಿನ ವಿನ್ಯಾಸಕ್ಕೆ ಲೈಪ್ಸಿಗ್ ನಿಯಮಗಳನ್ನು ಅನುಸರಿಸುವುದು ವಾಡಿಕೆ. ಮೇಲಿನ ಪದದ ನೇರಕ್ಕೆ ಕೆಳಗಿನ ಅರ್ಥ ಬರಬೇಕು. ಇದಕ್ಕಾಗಿ ಸ್ಪೇಸ್ ಒತ್ತಿ ಒತ್ತಿ ಹೊಂದಿಸುವುದನ್ನು ಇಂದೇ ಬಿಡಿ. ಫಾಂಟ್ ಬದಲಾದ ಕ್ಷಣ ಎಲ್ಲವೂ ಓರೆಯಾಗುತ್ತದೆ. ಗೆರೆಗಳಿಲ್ಲದ ಕೋಷ್ಟಕ ಹಾಕಿ, ಒಂದು ಪದಕ್ಕೆ ಒಂದು ಕೋಣೆ. ಉದಾಹರಣೆಯ ಸಂಖ್ಯೆಗೂ ಒಂದು ಕೋಣೆ ಇಟ್ಟು ಅದರಲ್ಲಿ ತಾನಾಗಿ ಏರುವ ಸಂಖ್ಯೆ ಹಾಕಿ. ನಡುವೆ ಹೊಸ ಉದಾಹರಣೆ ತುರುಕಿದಾಗ ಮುಂದಿನವೆಲ್ಲ ತಾವೇ ಸರಿಹೊಂದುತ್ತವೆ. ನೂರಾರು ಉದಾಹರಣೆಗಳಿದ್ದು, ಕಲಿಯಲು ಸಮಯವೂ ಇದ್ದರೆ ಆಜ್ಞೆಗಳಿಂದ ಪುಟ ಜೋಡಿಸುವ ಲೇಟೆಕ್ ತಂತ್ರಾಂಶ ಒಳ್ಳೆಯದು. ಆದರೆ ಸಂಕ್ಷೇಪಗಳಿಂದ ಧ್ವನಿಲಿಪಿ ಮೂಡಿಸುವ ಹಳೆಯ ಟಿಪಾ ದಾರಿ ಬಿಟ್ಟು, ಯೂನಿಕೋಡ್ ಅಕ್ಷರಗಳನ್ನು ನೇರವಾಗಿ ಓದುವ ಅದರ ರೂಪಗಳಾದ ಜೀಲೇಟೆಕ್ ಅಥವಾ ಲುವಾಲೇಟೆಕ್ ಹಿಡಿಯಿರಿ. ಸಲ್ಲಿಕೆಗೆ ಎರಡು ತಿಂಗಳಿರುವಾಗ ಮಾತ್ರ ಶುರುಮಾಡಬೇಡಿ.

ಪ್ರಾಟ್ ತಂತ್ರಾಂಶದಲ್ಲಿ ಧ್ವನಿ ಅಳೆಯುವವರಿಗೆ ಒಂದು ಸೂಚನೆ. ಅಲ್ಲಿ ಹಿಂಬಾಗಿದ ಗೆರೆ, ಟಿ, ಪೂರ್ಣವಿರಾಮದ ಚುಕ್ಕೆ ಈ ಮೂರನ್ನು ಒತ್ತಿದರೆ ಬಾಲದ ಟಿ ಮೂಡುತ್ತದೆ. ಚಿತ್ರದಲ್ಲಿ ಚೆನ್ನಾಗಿ ಕಂಡರೂ ಕಡತದೊಳಗೆ ಆ ಮೂರು ಚಿಹ್ನೆಗಳೇ ಉಳಿದಿರುವುದುಂಟು. ವರ್ಡ್‌ಗೆ ತರುವ ಮೊದಲು ಪ್ರಾಟ್‌ನಲ್ಲೇ ಯೂನಿಕೋಡಿಗೆ ಬದಲಿಸುವ ಆಜ್ಞೆಯನ್ನು ಬಳಸಿ.

7. ಹಳೆಯ ಕಡತಗಳನ್ನು ಪರಿವರ್ತಿಸುವುದು

ಗುರುಗಳ ಕಾಲದ ಪದಪಟ್ಟಿ, ವಿಭಾಗದಲ್ಲಿ ಉಳಿದ ಸರ್ವೇಕ್ಷಣೆಯ ದತ್ತಾಂಶ ಇವು ಹೆಚ್ಚಾಗಿ ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿರುತ್ತವೆ. ಧ್ವನಿಲಿಪಿಯಿದ್ದರೆ ಎಸ್‌ಐಎಲ್ ಐಪಿಎ93ರಂಥ ಫಾಂಟಿನಲ್ಲಿರುತ್ತದೆ. ಅವೆಲ್ಲ ಯೂನಿಕೋಡ್ ಬರುವ ಮೊದಲಿನ ಜಾಣತನ: ಇಂಗ್ಲಿಷ್ ಅಕ್ಷರದ ಸಂಖ್ಯೆಯನ್ನೇ ಇಟ್ಟುಕೊಂಡು ಅದಕ್ಕೆ ಕನ್ನಡದ ಅಥವಾ ಐಪಿಎಯ ವೇಷ ತೊಡಿಸುತ್ತಿದ್ದರು. ಗುರುತಿಸುವುದು ಸುಲಭ. ಪಠ್ಯವನ್ನು ಆಯ್ದು ಫಾಂಟನ್ನು ಏರಿಯಲ್ ಮಾಡಿ. ಕನ್ನಡ ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾದರೆ ಹಳೆಯದು.

ಕನ್ನಡಕ್ಕೆ ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಗೇ 'ಪರಿವರ್ತಕ'ಗಳು ಸಿಗುತ್ತವೆ. ಆದರೆ ಇಡೀ ಕಡತವನ್ನು ಆಯ್ದು ಒಮ್ಮೆಲೇ ಪರಿವರ್ತಿಸಬೇಡಿ. ಪರಿವರ್ತಕಕ್ಕೆ ಕಾಣುವುದು ಸಂಖ್ಯೆಗಳು ಮಾತ್ರ, ಕನ್ನಡದ ನಡುವೆ ಇರುವ ಇಂಗ್ಲಿಷನ್ನೂ ಧ್ವನಿಲಿಪಿಯನ್ನೂ ಅದು ಕನ್ನಡವೆಂದೇ ಭಾವಿಸಿ ಕಲಸಿಬಿಡುತ್ತದೆ. ಹೀಗೆ ಮಾಡಿ: ಮೂಲ ಕಡತದ ನಕಲು ತೆಗೆದಿಡಿ. ವರ್ಡ್‌ನ ‘ಸೆಲೆಕ್ಟ್’ ಪಟ್ಟಿಯಲ್ಲಿ ಒಂದೇ ಬಗೆಯ ವಿನ್ಯಾಸವಿರುವ ಪಠ್ಯವನ್ನೆಲ್ಲ ಆಯುವ ಸೌಲಭ್ಯವಿದೆ, ಅದರಿಂದ ಯಾವ ಫಾಂಟು ಎಲ್ಲೆಲ್ಲಿದೆ ಎಂದು ನೋಡಿ ಬೇರೆ ಬೇರೆ ಬಣ್ಣ ಕೊಡಿ. ಕನ್ನಡದ ತುಂಡುಗಳನ್ನು ಮಾತ್ರ ಪರಿವರ್ತಿಸಿ.

ಧ್ವನಿಲಿಪಿಯ ಭಾಗಕ್ಕೆ ‘ಹುಡುಕಿ ಬದಲಿಸು’ ಕಿಟಕಿಯೇ ಸಾಕು, ಕಡತ ತೀರಾ ದೊಡ್ಡದಿದ್ದರೆ ಎಸ್‌ಐಎಲ್‌ನ ಪರಿವರ್ತಕಗಳಿವೆ. ಹುಡುಕುವ ಪೆಟ್ಟಿಗೆಗೆ ಹಳೆಯ ಫಾಂಟಿನ ಹೆಸರನ್ನೂ, ಬದಲಿಸುವ ಪೆಟ್ಟಿಗೆಗೆ ಚಾರಿಸ್ ಎಂಬುದನ್ನೂ ತಪ್ಪದೆ ಕೊಡಿ. ದೊಡ್ಡ, ಚಿಕ್ಕ ಅಕ್ಷರಗಳನ್ನು ಬೇರೆಯಾಗಿ ನೋಡುವ ಆಯ್ಕೆಯನ್ನೂ ಹಾಕಿ. ಫಾಂಟ್ ಕೊಡದಿದ್ದರೆ ದೊಡ್ಡ ಎನ್ ಅನ್ನು ಬಾಲದ ಎನ್ ಮಾಡಲು ಹೊರಟು ಪ್ರಬಂಧದಲ್ಲಿರುವ ಇಂಗ್ಲಿಷ್ ಹೆಸರುಗಳ ಎನ್‌ಗಳಿಗೆಲ್ಲ ಬಾಲ ಬೆಳೆಯುತ್ತದೆ. ಫಾಂಟ್ ಕೊಟ್ಟರೆ ಒಮ್ಮೆ ಬದಲಾದದ್ದು ಮುಂದಿನ ಸುತ್ತಿನಲ್ಲಿ ಮತ್ತೆ ಸಿಕ್ಕಿಬೀಳುವುದೂ ಇಲ್ಲ.

ಪರಿವರ್ತನೆಯ ಬಳಿಕ ಅರ್ಕಾವತ್ತು, ಮೂರು ವ್ಯಂಜನಗಳ ಒತ್ತಕ್ಷರ, ದೀರ್ಘ ಓಕಾರ ಇವನ್ನು ಕಣ್ಣಿಟ್ಟು ನೋಡಿ. ಕೆಡುವುದು ಹೆಚ್ಚಾಗಿ ಇವೇ.

8. ಕಳುಹಿಸುವ ಮುನ್ನ, ಅಚ್ಚಿಗೆ ಹೋಗುವ ಮುನ್ನ

ಮಾರ್ಗದರ್ಶಕರಿಗೆ ಕಳುಹಿಸುವ ವರ್ಡ್ ಕಡತದಲ್ಲಿ ಫಾಂಟನ್ನು ಒಳಗೇ ಸೇರಿಸಬಹುದು: ವರ್ಡ್ ಆಯ್ಕೆಗಳ ‘ಸೇವ್’ ಪುಟದಲ್ಲಿ ಫಾಂಟ್ ಹುದುಗಿಸುವ ಗುರುತು ಹಾಕಿ. ಅದರಡಿ ‘ಬಳಸಿದ ಅಕ್ಷರಗಳನ್ನು ಮಾತ್ರ’ ಎಂಬ ಇನ್ನೊಂದು ಗುರುತಿದೆ, ಅದನ್ನು ಹಾಕಬೇಡಿ. ಅವರು ತಿದ್ದುವಾಗ ಹೊಸ ಅಕ್ಷರ ಬೇಕಾದರೆ ಸಿಗುವುದಿಲ್ಲ. ಜೊತೆಗೆ ಒಂದು ಪಿಡಿಎಫ್ ಕಳುಹಿಸಿ. ಅವರ ಪರದೆಯಲ್ಲಿ ಏನು ಕಾಣಬೇಕು ಎಂಬುದಕ್ಕೆ ಅದೇ ಸಾಕ್ಷಿ.

ಪ್ರಬಂಧ ಒಪ್ಪಿತವಾದ ಮೇಲೆ ಅದು ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ ಶೋಧಗಂಗಾ ಎಂಬ ಪ್ರಬಂಧಗಳ ಅಂತರ್ಜಾಲ ಭಂಡಾರಕ್ಕೆ ಪಿಡಿಎಫ್ ಆಗಿ ಸೇರುತ್ತದೆ. ಪಿಡಿಎಫ್ ಓದುವ ತಂತ್ರಾಂಶದ ‘ಪ್ರಾಪರ್ಟೀಸ್’ ಕಿಟಕಿಯಲ್ಲಿ ಫಾಂಟ್‌ಗಳ ಪಟ್ಟಿ ತೆರೆದು ಪ್ರತಿ ಹೆಸರಿನ ಮುಂದೆ ‘ಎಂಬೆಡೆಡ್’ ಎಂದಿದೆಯೇ ನೋಡಿ. ಆಮೇಲೆ ಲಿಪ್ಯಂತರದ ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡಿಗೆ ಅಂಟಿಸಿ; ಐಪಿಎ ಹಾಗೆಯೇ ಬರಬೇಕು. ಕನ್ನಡದ ಸಾಲು ಮಾತ್ರ ಯೂನಿಕೋಡಿನಲ್ಲಿದ್ದರೂ ಪಿಡಿಎಫ್‌ನಿಂದ ನಕಲಿಸಿದಾಗ ಕಾಗುಣಿತ ಹಿಂದುಮುಂದಾಗುವುದುಂಟು. ಅದು ಪಿಡಿಎಫ್‌ನ ದೋಷ, ನಿಮ್ಮದಲ್ಲ. ಅದಕ್ಕೇ ಮೂಲ ಕಡತವನ್ನು ಜೋಪಾನವಾಗಿಡಿ.

ಪುಸ್ತಕವಾಗುವಾಗ ಮುದ್ರಣಾಲಯದವರು ಯಾವ ತಂತ್ರಾಂಶ ಬಳಸುತ್ತಾರೆ ಎಂದು ಒಪ್ಪಂದಕ್ಕೂ ಮೊದಲು ಕೇಳಿ. ಪೇಜ್‌ಮೇಕರ್ ಎಂದರೆ ಅಲ್ಲಿ ಯೂನಿಕೋಡ್ ನಡೆಯುವುದಿಲ್ಲ. ಅವರು ನಿಮ್ಮ ಪಠ್ಯವನ್ನು ಮತ್ತೆ ಹಳೆಯ ಫಾಂಟಿಗೆ ಇಳಿಸುತ್ತಾರೆ, ಧ್ವನಿಲಿಪಿ ಅಲ್ಲೇ ಕೆಡುತ್ತದೆ. ಇನ್‌ಡಿಸೈನ್ ಆದರೆ ‘ವರ್ಲ್ಡ್ ರೆಡಿ ಕಂಪೋಸರ್’ ಎಂಬ ಆಯ್ಕೆ ಹಾಕಲು ಹೇಳಿ, ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ವರ್ಡ್ ಕಡತ, ಪಿಡಿಎಫ್, ಫಾಂಟ್ ಕಡತಗಳು, ನೀವು ಬಳಸಿದ ಪ್ರತಿ ವಿಶೇಷ ಚಿಹ್ನೆ ಒಮ್ಮೆಯಾದರೂ ಬರುವ ಒಂದು ಪುಟ, ಇಷ್ಟನ್ನು ಅವರಿಗೆ ಕೊಡಿ. ಆ ಒಂದು ಪುಟದ ಕರಡನ್ನು ಮೊದಲು ತರಿಸಿಕೊಂಡು, ಅದು ಪಿಡಿಎಫ್‌ಗೆ ಅಕ್ಷರಶಃ ಹೊಂದಿದ ಮೇಲೆ ಉಳಿದ ಪುಟಗಳನ್ನು ಜೋಡಿಸಲು ಹೇಳಿ.